ನೀರಿಗೊಂದು ಸೀಟು

ಜನವರಿಯಲ್ಲಿ ಜಾಗ ತೋರಿಸುವವನನ್ನು ನಂಬಬೇಡ
ಅಂತ ನನಗೆ ಯಾರೂ ಹೇಳಿಕೊಟ್ಟದ್ದಲ್ಲ.
ಹದಿನಾಲ್ಕು ವರ್ಷ ಮಡಿಕೇರಿ–ಮಾದಾಪುರ ಬಸ್ಸಿನಲ್ಲಿ
ಟಿಕೆಟು ಹರಿದವಳು ನಾನು.
ಯಾವ ತಿರುವಿನಲ್ಲಿ ಯಾವ ವರ್ಷ
ಗುಡ್ಡ ಇಳಿದುಬಂದು ಬಸ್ಸಿಗೆ ಕೈ ತೋರಿಸಿತು,
ಎಲ್ಲಿ ಸ್ಟಾಪಿನ ಹೆಸರು ಮಾತ್ರ ಉಳಿದು
ಇಳಿಯುವವರು ಇಲ್ಲವಾದರು,
ಎಲ್ಲ ಬಾಯಿಪಾಠ.

"ವ್ಯೂ ನೋಡಿ ಮೇಡಂ" ಅಂದ ಜೋಯಪ್ಪ
ಐದೂವರೆ ಸೆಂಟಿನ ಅಂಚಿನಲ್ಲಿ ನಿಂತು,
ಇಡೀ ಕಣಿವೆ ಅವನಪ್ಪನದೇ ಎಂಬಂತೆ.
ನೋಡಿದೆ. ಮಂಜು ಚೆನ್ನಾಗಿತ್ತು.
ಮಂಜಿಗೆ ಪಹಣಿ ಇಲ್ಲ.
ಜಾಗದ ಪಹಣಿಯಲ್ಲಿ ಹದಿನೇಳು ಹೆಸರು:
ಇಬ್ಬರು ತೀರಿಹೋದವರು, ಒಬ್ಬ ಮಿಲಿಟರಿಯಲ್ಲಿ,
ಅಣ್ಣತಮ್ಮ ಇಬ್ಬರು ಮಾತು ಬಿಟ್ಟು ಒಂಬತ್ತು ವರ್ಷ.
"ಬಾಣೆ ಜಾಗ ಅಲ್ವಾ, ಹಾಗೇ. ಆಮೇಲೆ ಸರಿ ಮಾಡುವ."
ಚಿಲ್ಲರೆ ಇಳಿಯುವಾಗ ಕೊಡ್ತೇನೆ ಎನ್ನುವ ದನಿ ಅದು.
ನನಗೆ ಗೊತ್ತು.
ನಾನೇ ಎಷ್ಟು ಜನಕ್ಕೆ ಅಂದಿಲ್ಲ.

ಎರಡನೇ ಜಾಗಕ್ಕೆ ಕುಂಞಂಬು ಮೇಸ್ತ್ರಿ ಬಂದರು.
ಕಣಿವೆಗೆ ಬೆನ್ನು ಹಾಕಿ ನಿಂತರು, ಮರ ನೋಡಿದರು.
ಸಿಲ್ವರ್ ಓಕಿನ ಬುಡ ಬಾಗಿ, ಮೇಲೆ ನೆಟ್ಟಗೆ,
ತಿರುವಿನಲ್ಲಿ ಕಂಬಿ ಹಿಡಿದು ನಿಂತ ಪ್ರಯಾಣಿಕನ ಹಾಗೆ.
"ಮಣ್ಣು ನಡೀತಾ ಉಂಟು ಅಕ್ಕ, ಮೆಲ್ಲ.
ಮರ ಪಾಪ, ಬೀಳದ ಹಾಗೆ ನೋಡಿಕೊಳ್ತಾ ಉಂಟು."
ಇಷ್ಟೇ ಹೇಳಿ ಬೀಡಿ ಹಚ್ಚಿದರು.
ಇಪ್ಪತ್ತು ಸಾವಿರ ಅಡ್ವಾನ್ಸು ವಾಪಸು ಬರಲು
ಏಳು ತಿಂಗಳು, ಮೂರು ಜಗಳ.

ಮೂರನೆಯದಕ್ಕೆ ಕಕ್ಕಡದಲ್ಲಿ ಹೋದೆ, ಒಬ್ಬಳೇ,
ರಜೆ ಹಾಕಿ, ಕೊಡೆ, ಪ್ಲಾಸ್ಟಿಕ್ ಸ್ಟೂಲು,
ಬುತ್ತಿಯಲ್ಲಿ ಕಡುಬು.
ಕೂತೆ.
ಎರಡು ಗಂಟೆಯ ಹೊತ್ತಿಗೆ ಅದು ಬಂತು,
ಕೆಸುವಿನ ಎಲೆಗಳನ್ನು ಅತ್ತಿತ್ತ ಸರಿಸಿ,
ನಾನು ದೇವರ ಕೋಣೆ ಅಂದುಕೊಂಡ ಜಾಗದ ನಡುವೆ,
ದಿನವೂ ಪಾಸಿನಲ್ಲಿ ಬರುವವರ ಗತ್ತು.
ಟಿಕೆಟ್ ಕೇಳುವ ಧೈರ್ಯ ನನಗಾಗಲಿಲ್ಲ.
ನನಗಿಂತ, ನನ್ನ ಅಜ್ಜಿಗಿಂತ
ಹಳೆಯ ಪ್ರಯಾಣಿಕ.

ಕಾಗದ ನೋಡಿಸಿದೆವು. ಒಂದೇ ಹೆಸರು, ಪರಿವರ್ತನೆ ಆಗಿದೆ.
ಜಾಗ ತೆಗೆದುಕೊಂಡೆವು.

ಈಗ ಕ್ವಾರ್ಟರ್ಸಿನ ಹಿಂದೆ ಸುಣ್ಣದ ಪುಡಿಯಲ್ಲಿ
ಮನೆ ಬರೆದಿದ್ದೇನೆ, ಅಳತೆಗೆ ಅಳತೆ.
ಮೊಣ್ಣಪ್ಪ ಅಡುಗೆಮನೆಯಲ್ಲಿ ನಿಂತು ಕೈ ಚಾಚಿದರೆ
ಪಕ್ಕದ ಗೋಡೆ ದಾಟುತ್ತದೆ. ಅಳಿಸು, ಇನ್ನೊಂದಡಿ.
ಬಾಲ್ಕನಿ ಬೇಕು ಅಂದ. ಲೆಕ್ಕ ತೋರಿಸಿದೆ:
ಬಾಲ್ಕನಿಯ ದುಡ್ಡು ಹಿಂದಿನ ತಡೆಗೋಡೆಗೆ ಹೋಯಿತು,
ಮಹಡಿಯ ದುಡ್ಡು ಚರಂಡಿಗೆ.
ಗೋಡೆಗೆ ನಾಲ್ಕಡಿಗೊಂದು ತೂತು ಬಿಡಬೇಕಂತೆ.
ಮೂಗು ಕಟ್ಟಿದ ಗೋಡೆ ಒಂದಲ್ಲ ಒಂದು ದಿನ
ಮೈಮೇಲೆ ಬೀಳ್ತದೆ, ಮೇಸ್ತ್ರಿ ಮಾತು.
ಮಗಳು ದೀಕ್ಷಾ ತನ್ನ ಹತ್ತು ಬೈ ಹತ್ತರಲ್ಲಿ
ಚಾಪೆ ಹಾಸಿ ಮಲಗಿ ನೋಡಿ,
"ಮಂಚ ಇಟ್ಟರೆ ಬಾಗಿಲು ತೆಗೆಯಲಾಗುವುದಿಲ್ಲ" ಅಂದಳು.
ಒಳ್ಳೆಯದಾಯಿತು, ಸುಣ್ಣದ ಬಾಗಿಲು.

ಅತ್ತೆಗೆ ಬೇಸರ. ಮನೆ ಕಟ್ಟಿ ನೋಡು ಅಂತಾರೆ,
ನೀನು ಬರೀ ನೋಡ್ತಾ ಇದ್ದೀಯ.
ಹೌದತ್ತೆ. ನೋಡಿ ಕಟ್ಟು ಅಂತ
ಗಾದೆ ಮಾಡಿದವರು ಯಾಕೆ ಅನ್ನಲಿಲ್ಲವೋ,
ಅವರ ಊರಲ್ಲಿ ಗುಡ್ಡ ಇರಲಿಲ್ಲವೇನೋ.

ಪಾಯ ಇನ್ನೂ ತೆಗೆದಿಲ್ಲ. ಹುತ್ತರಿ ಕಳೆಯಲಿ.
ಸಂಜೆ ಡ್ಯೂಟಿ ಮುಗಿಸಿ ಬಂದರೆ
ಪಕ್ಕದ ಮನೆಯ ಹೇಂಟೆ ಗೋಡೆ ದಾಟಿ ಬಂದು
ನನ್ನ ಹಾಲಿನಲ್ಲಿ ಕೆದಕುತ್ತಿರುತ್ತದೆ.
ಬ್ಯಾಗು ಇಳಿಸದೆ, ಒಂದು ಹಿಡಿ ಸುಣ್ಣ ಹಿಡಿದು
ನೀರು ಹೋಗುವ ಗೆರೆಯನ್ನು
ಇನ್ನೂ ಒಂದು ಗೇಣು
ಅಗಲ ಮಾಡುತ್ತೇನೆ.